ಲಿಫ್ಟ್ ಅಕ್ಕನ ಕಂಪೈಲರ್, ತಂಗಿಯ ನರಿ

ಬೆಳಗಿನ ಐದೂಕಾಲು. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್, ಪಕ್ಕದಲ್ಲಿ ಹಳದಿಗಟ್ಟಿದ ವಿಡಿಯೋ ಗೇಮ್ ಪೆಟ್ಟಿಗೆ. ನಲವತ್ತೇಳರ ಹೆಂಗಸು ನಾಲ್ಕು ಸಾಲು ಬರೆಯುತ್ತಾರೆ, ಮೂರನ್ನು ಅಳಿಸುತ್ತಾರೆ. ಆರೂವರೆಗೆ ಗ್ರೀಸ್ ಕಲೆಯ ಸಮವಸ್ತ್ರ ತೊಟ್ಟು ಹೊರಡಬೇಕು. ಹದಿನಾಲ್ಕು ಅಂತಸ್ತಿನ ಕಟ್ಟಡವೊಂದರ ಆರು ಲಿಫ್ಟ್‌ಗಳ ರಿಪೇರಿ ಇವರ ಸುಪರ್ದಿಯಲ್ಲಿದೆ. ಅಲ್ಲಿ ಎಲ್ಲರ ಬಾಯಲ್ಲೂ ಇವರು 'ಲಿಫ್ಟ್ ಅಕ್ಕ'.

ಅವರು ಬರೆಯುತ್ತಿರುವುದು ಕಂಪೈಲರ್. ನಾವು ಓದಿ ಬರೆಯಬಲ್ಲ ಸೂಚನೆಗಳನ್ನು ಯಂತ್ರದ ಭಾಷೆಗೆ ತಿರುಗಿಸಿಕೊಡುವ ತಂತ್ರಾಂಶ. ಮೂವತ್ತೈದು ವರ್ಷ ಹಳೆಯ ಆ ಪೆಟ್ಟಿಗೆಗೆ ಹೊಸ ಆಟ ಬರೆಯಬೇಕೆಂದರೆ ಯಂತ್ರದ ಒಂದೊಂದು ಆಜ್ಞೆಯನ್ನೂ ಕೈಯಾರೆ ಪೋಣಿಸಬೇಕು. ಅಕ್ಕನ ಕಂಪೈಲರ್ ಇದ್ದರೆ 'ಗುಂಡಿ ಒತ್ತಿದರೆ ಹಾರು' ಎಂಬಷ್ಟು ಸರಳವಾಗಿ ಬರೆದರೆ ಸಾಕು. ಐದು ವರ್ಷದ ದುಡಿಮೆ, ಹನ್ನೊಂದು ಸಾವಿರ ಸಾಲು. ಇವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. "ಲಿಫ್ಟಿನ ಸರ್ಕ್ಯೂಟ್ ಬೋರ್ಡ್ ಕೆಟ್ಟಾಗೆಲ್ಲ ಕೈಪಿಡಿ ಹಿಡ್ಕೊಂಡು ಕೂತೆ. ಅದರೊಳಗಿನ ಚಿಪ್‌ನ ಬುದ್ಧಿ ಹೇಗೆ ಓಡುತ್ತೆ ಅಂತ ಹಾಗೇ ತಿಳೀತು" ಎನ್ನುತ್ತಾರೆ.

ಆ ಕಂಪೈಲರ್ ಬಳಸಿ ಮೊದಲ ಆಟ ಬರೆದದ್ದು ಅವರ ತಂಗಿ, ಶಾಲೆಯೊಂದರ ಡ್ರಾಯಿಂಗ್ ಟೀಚರ್. ನದಿ ದಾಟುವ ನರಿಯ ಆಟ ಅದು. ಹಳೆಯ ಪೆಟ್ಟಿಗೆಗಳ ಹೊಸ ಆಟಗಳ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ವೇದಿಕೆಯ ಮೇಲೆ ತಂಗಿ, "ನಮ್ಮಕ್ಕನೂ ಸ್ವಲ್ಪ ಸಹಾಯ ಮಾಡಿದ್ಲು" ಎಂದಳು.

"ಸ್ವಲ್ಪ! ಹೊಟ್ಟೆ ಉರಿದುಹೋಯ್ತು. ಚಪ್ಪಾಳೆ ತಟ್ತಾ ಕೂತಿದ್ದೆ, ಕೈ ಮಾತ್ರ ತಟ್ತಿತ್ತು" ಎಂದು ಅಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಮನೆಗೆ ಬಂದವರೇ ತಾವೂ ಒಂದು ಆಟ ಬರೆದರು. ಗಂಡ ಎರಡು ನಿಮಿಷ ಆಡಿ, "ಇದು ಆಟಾನೋ, ಲಿಫ್ಟ್ ಪರೀಕ್ಷೇನೋ?" ಅಂದರಂತೆ.

ಮೂರು ವಾರದ ನಂತರ, ಆಟ ಅಂತರ್ಜಾಲದಲ್ಲಿ ಹರಡಿ ಜನರ ಅಂಕ ಏರುತ್ತಿದ್ದಂತೆ, ನರಿ ನದಿಯ ನಡುವೆ ನಿಂತುಬಿಡತೊಡಗಿತು. ಅಂಕ ಇನ್ನೂರೈವತ್ತೈದು ದಾಟಿದರೆ ಆಟ ಸ್ತಬ್ಧ. ಆಡುವವರೆಲ್ಲ ತಂಗಿಗೆ ಛೀಮಾರಿ ಹಾಕಿದರು. ಅಕ್ಕ ಹತ್ತೇ ನಿಮಿಷದಲ್ಲಿ ದೋಷ ಹುಡುಕಿದರು. ತಪ್ಪಿದ್ದದ್ದು ಕಂಪೈಲರಿನಲ್ಲಿ. ಆ ಹಳೆಯ ಪೆಟ್ಟಿಗೆಯ ಒಂದು ಮನೆಯಲ್ಲಿ ಇನ್ನೂರೈವತ್ತೈದಕ್ಕಿಂತ ದೊಡ್ಡ ಸಂಖ್ಯೆ ಹಿಡಿಯದು; ಕೂಡುವಾಗ ಮಿಕ್ಕಿದ್ದನ್ನು ಮುಂದಿನ ಮನೆಗೆ ಒಯ್ಯುವುದನ್ನು ಕಂಪೈಲರ್ ಮರೆಯುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. "ಬೈಸ್ಕೊಳ್ಳಲಿ ಅಂತ ಸುಮ್ನಿದ್ದೆ. ಖುಷೀನೂ ಆಯ್ತು. ಸುಳ್ಳು ಯಾಕೆ ಹೇಳ್ಲಿ?"

ಶುಕ್ರವಾರ ಸಂಜೆ ತಂಗಿ ಬಂದು ಬಾಗಿಲಲ್ಲೇ ನಿಂತಳು. ಕಣ್ಣು ಊದಿಕೊಂಡಿತ್ತು. "ಆಟ ವಾಪಸ್ ತಗೋತೀನಿ ಕಣೇ ಅಕ್ಕ. ನಂಗೆ ಲೆಕ್ಕ ಬರಲ್ಲ. ಬಹುಮಾನಾನೂ ಕೊಟ್ಬಿಡ್ತೀನಿ."

"ಒಳಗೆ ಬಾ. ತಪ್ಪು ನಿಂದಲ್ಲ, ನಂದು."

"ಯಾವಾಗ ಗೊತ್ತಾಯ್ತು?"

"ಸೋಮವಾರ."

ತಂಗಿ ಬಂದ ದಾರಿಯಲ್ಲೇ ಇಳಿದು ಹೋದಳು. ಮರುದಿನ ಬೆಳಗ್ಗೆ ಅಕ್ಕ ದೋಷ ಸರಿಪಡಿಸಿ, ಆಡುವವರೆಲ್ಲರಿಗೂ ತಮ್ಮ ಹೆಸರಿನಲ್ಲೇ ಪತ್ರ ಬರೆದರು: ತಪ್ಪು ಆಟದ್ದಲ್ಲ, ನನ್ನ ಕಂಪೈಲರಿನದು. ಅವರ ಹೆಸರು ಲೋಕಕ್ಕೆ ಮೊದಲ ಸಲ ತಿಳಿದದ್ದು ಹೀಗೆ.

ಹನ್ನೆರಡು ದಿನ ಮುನಿಸಿಕೊಂಡಿದ್ದ ತಂಗಿ ಈಗ ಎರಡನೇ ಆಟ ಶುರುಮಾಡಿದ್ದಾಳೆ, ಅದೇ ಕಂಪೈಲರಿನಲ್ಲಿ. ಹೊಟ್ಟೆಕಿಚ್ಚು ಆರಿತೇ ಎಂದು ಕೇಳಿದರೆ ಅಕ್ಕ ನಗುತ್ತಾರೆ.

"ಎಲ್ಲಿ ಆರುತ್ತೆ? ಮತ್ತೆ ಬಹುಮಾನ ಅವಳಿಗೇ ಬರುತ್ತೆ, ನನಗೆ ಮತ್ತೆ ಉರಿಯುತ್ತೆ. ಆದ್ರೆ ಬರೆದಿಟ್ಕೊಳ್ಳಿ, ಈ ಸಲ ಅವಳ ಆಟ ಎಲ್ಲೂ ನಿಲ್ಲಲ್ಲ."