ಹದ್ದಿಗೊಂದು ಶಿಳ್ಳೆ, ಫೋಟೊಗೊಂದು ಹಲ್ಲು

ನೈವಾಶಾ ಸರೋವರದ ಮೇಲೆ ಮಂಜು ಇನ್ನೂ ಎದ್ದಿಲ್ಲ. ರಾತ್ರಿಯಿಡೀ ದಡದ ಹುಲ್ಲು ಮೇಯ್ದ ನೀರಾನೆಗಳು ಪಾಳಿ ಮುಗಿಸಿದ ಕಾರ್ಖಾನೆಯವರ ಹಾಗೆ ಮುಖ ಗಂಟಿಕ್ಕಿಕೊಂಡು ಒಂದೊಂದಾಗಿ ನೀರಿಗಿಳಿಯುತ್ತಿವೆ. ಮಗುಚಿ ಹಾಕಿದ ಹಳೆಯ ದೋಣಿಯೊಂದರ ಮೇಲೆ ಕೂತು ಜೆಕೊನಿಯ ಒಂಡಿಯೆಕ್ ಅವರು ಸತ್ತ ಮೀನಿನ ಬಾಯಿಗೆ ಒಣಗಿದ ಜೊಂಡಿನ ತುಂಡು ತುರುಕುತ್ತಿದ್ದಾರೆ. ಜೊಂಡು ಬೆಂಡಿನ ಹಾಗೆ ಹಗುರ. ಅದನ್ನು ಹೊಟ್ಟೆಯವರೆಗೆ ತಳ್ಳಿಬಿಟ್ಟರೆ ಮೀನು ಮುಳುಗುವುದಿಲ್ಲ. ನೀರಿನ ಮೇಲೆ ಬೆಳ್ಳನೆಯ ಹೊಟ್ಟೆ ತೋರಿಸಿಕೊಂಡು ತೇಲುತ್ತದೆ. ತೇಲಿದರೆ ಹದ್ದಿಗೆ ಕಾಣುತ್ತದೆ. ಹದ್ದು ಬಂದರೆ ಮಧ್ಯಾಹ್ನದ ಪ್ರವಾಸಿಗಳ ಫೋನು ತುಂಬುತ್ತದೆ. ಇಷ್ಟೇ ವ್ಯವಹಾರ.

ಇವತ್ತು ಅವರ ಕೈ ಎಂದಿನಂತೆ ಓಡುತ್ತಿಲ್ಲ. ನಡುನಡುವೆ ಕೆಲಸ ನಿಲ್ಲಿಸಿ ನಾಲಗೆಯಿಂದ ಕೆಳದವಡೆಯನ್ನು ತಡಕುತ್ತಾರೆ. ಅಲ್ಲಿ ನಿನ್ನೆ ಸಂಜೆಯಿಂದ ಆರು ಹೊಸ ಹಲ್ಲುಗಳು ಬಂದು ನಿಂತಿವೆ.

"ಬಾಯಲ್ಲಿ ಯಾರೋ ನೆಂಟರು ಬಂದು ಕೂತಂಗಿದೆ. ಏಳಿ ಅನ್ನೋ ಹಾಗಿಲ್ಲ, ಆರಾಮಾಗಿ ಕೂತ್ಕೊಳ್ಳಿ ಅನ್ನೋಕೂ ಮನಸ್ಸಿಲ್ಲ," ಎನ್ನುತ್ತಾರೆ.

ಪಕ್ಕದ ದೋಣಿಯ ನೀರು ಮೊಗೆಯುತ್ತಿದ್ದ ಶಿಕುಕು ತಲೆ ಎತ್ತುತ್ತಾನೆ. ಇಬ್ಬರೂ ಒಂದೇ ದಡದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಒಬ್ಬರನ್ನೊಬ್ಬರು ರೇಗಿಸದೆ ಚಹಾ ಕುಡಿದವರಲ್ಲ.

"ಏನಯ್ಯಾ, ಎಲೆಕ್ಷನ್ನಿಗೆ ನಿಂತೋನ ಥರ ಹಲ್ಲು ಕಿರೀತಿದೀಯಲ್ಲ! ಓಟು ಕೇಳೋಕೆ ಹೊರಟಿದೀಯಾ?"

"ನಿನ್ನ ಓಟು ನಂಗೆ ಬೇಡ. ನೀನು ಹಾಕಿದೋರೆಲ್ಲ ಸೋತಿದಾರೆ."

"ಅದಿರಲಿ. ಎಲ್ಲಿ, ಒಂದು ಶಿಳ್ಳೆ ಹಾಕು ನೋಡೋಣ."

ಒಂಡಿಯೆಕ್ ಮೀನನ್ನು ಬುಟ್ಟಿಗೆ ಹಾಕಿ, ಅಂಗೈ ಒರೆಸಿಕೊಂಡು, ತುಟಿ ಮುಂದೆ ಮಾಡಿ ಊದುತ್ತಾರೆ. ಸೈಕಲ್ ಚಕ್ರದ ಗಾಳಿ ಬಿಟ್ಟಂಥ ಸದ್ದು. ಇನ್ನೊಮ್ಮೆ ಊದುತ್ತಾರೆ. ಮತ್ತದೇ. ಇಷ್ಟು ಹೊತ್ತು ಹಲ್ಲು ಹಿಡಿದು ಹಾಸ್ಯ ಮಾಡುತ್ತಿದ್ದ ಶಿಕುಕು ಈಗ ನಗುವುದಿಲ್ಲ. ತಗ್ಗಿ ನೀರು ಮೊಗೆಯಲು ಶುರುಮಾಡುತ್ತಾನೆ. ಅವನು ನಗದೇ ಇದ್ದದ್ದೇ ಒಂಡಿಯೆಕ್ ಅವರಿಗೆ ಹೆಚ್ಚು ಚುಚ್ಚುತ್ತದೆ.

ನೈರೋಬಿಯ ಜನ ಈ ಪ್ರವಾಸಕ್ಕೆ 'ಬೆಟ್ಟ-ದೋಣಿ' ಎನ್ನುತ್ತಾರೆ. ನಸುಕಿಗೆ ವ್ಯಾನು ಹತ್ತಿ ಹೊರಟು, ಬೆಳಿಗ್ಗೆ ಲಾಂಗೊನಾಟ್ ಬೆಟ್ಟ ಏರಿ, ಆರಿಹೋದ ಜ್ವಾಲಾಮುಖಿಯ ಬಾಯಿಯ ಸುತ್ತ ಒಂದು ಸುತ್ತು ಹಾಕಿ, ಹುಬ್ಬಿನವರೆಗೂ ಬೂದಿಬಣ್ಣದ ಧೂಳು ಮೆತ್ತಿಕೊಂಡು ಇಳಿದು, ಮಧ್ಯಾಹ್ನ ಸರೋವರದ ದೋಣಿಯಲ್ಲಿ ನೀರಾನೆ, ಹೆಜ್ಜಾರ್ಲೆ, ಹದ್ದು ನೋಡಿ, ಕತ್ತಲಾಗುವುದರೊಳಗೆ ಮನೆ ಸೇರುವುದು. ವ್ಯಾನು ಓಡಿಸುವವನು ಗಿಚೂಹಿ. ಬೆಟ್ಟದ ಮೇಲೆ ದಾರಿ ತೋರಿಸುವವಳು ಒಂಡಿಯೆಕ್ ಅವರ ಮಗಳು ಅವಿನೊ. ನೀರಿನ ಮೇಲೆ ಒಂಡಿಯೆಕ್. ಗಿಚೂಹಿ ಬರುವ ಶನಿವಾರ ಅವಿನೊಳನ್ನು ಹೆಣ್ಣು ಕೇಳಲು ತನ್ನ ಕಡೆಯವರನ್ನು ಕರೆದುಕೊಂಡು ಬರುತ್ತಿದ್ದಾನೆ. ಹಾಗಾಗಿ ಇದು ಇನ್ನು ಮುಂದೆ ಒಂದೇ ಮನೆಯವರು ಪಾಳಿ ಹಂಚಿಕೊಂಡು ನಡೆಸುವ ಪ್ರವಾಸ ಎಂದರೂ ತಪ್ಪಿಲ್ಲ.

ದಡದಿಂದ ನೋಡಿದರೆ ಬೆಟ್ಟ ಎದುರಿಗೇ ಇದೆ. ಒಂಡಿಯೆಕ್ ಒಮ್ಮೆಯೂ ಹತ್ತಿಲ್ಲ.

"ಉರಿದು ಮುಗಿದಿರೋ ಒಲೇನ ಬಗ್ಗಿ ನೋಡೋಕೆ ಅಷ್ಟು ಎತ್ತರ ಹತ್ತಬೇಕಾ? ನನ್ನ ಮಗಳು ದಿನಾ ನೋಡ್ತಾಳೆ. ಏನಾದ್ರೂ ಬೆಂದಿದ್ರೆ ಅವಳೇ ಹೇಳ್ತಾಳೆ."

ಅವರು ಹುಟ್ಟಿದ್ದು ಪಡುವಣದ ದೊಡ್ಡ ಸರೋವರದ ಕಡೆ, ಲುವೊ ಜನರ ಹಳ್ಳಿಯಲ್ಲಿ. ಅಲ್ಲಿ ಆಗ ಗಂಡುಹುಡುಗ ದೊಡ್ಡವನಾದ ಎಂದು ಊರಿಗೆ ತಿಳಿಯಬೇಕಾದರೆ ಕೆಳಗಿನ ಮುಂಭಾಗದ ಆರು ಹಲ್ಲುಗಳನ್ನು ಕೀಳಿಸಬೇಕಿತ್ತು. ಚಪ್ಪಟೆ ಕಬ್ಬಿಣದ ಮೊನೆ ಹಿಡಿದ ಮುದುಕ, ತಲೆ ಒತ್ತಿ ಹಿಡಿಯಲು ಇಬ್ಬರು ಮಾವಂದಿರು, ಸುತ್ತ ನೋಡುವ ಹೆಂಗಸರು. ಅಳುವ ಹಾಗಿಲ್ಲ. ದವಡೆ ಕಚ್ಚಿಕೊಳ್ಳುವ ಕಾಯಿಲೆ ಬಂದರೆ ಆ ಸಂದಿಯಿಂದ ಗಂಜಿ ಬಿಟ್ಟು ಬದುಕಿಸಬಹುದು ಎಂದು ಹಿರಿಯರು ಕಾರಣ ಕೊಡುತ್ತಿದ್ದರು. ಆ ಪದ್ಧತಿಯ ಕೊನೆಯ ತಂಡದಲ್ಲಿ ಒಂಡಿಯೆಕ್ ಇದ್ದರು.

"ನನ್ನ ತಮ್ಮ ಶಾಲೆಗೆ ಓಡಿಹೋಗಿ ಮೇಷ್ಟ್ರ ಮಂಚದ ಕೆಳಗೆ ಅವಿತುಕೊಂಡ. ಅವನ ಹಲ್ಲು ಉಳೀತು. ಆಮೇಲೆ ಊರೆಲ್ಲ ಕಬ್ಬು ತಿಂದ, ಸೋಡ ಕುಡಿದ. ಈಗ ಅವನಿಗೆ ಕೆಳಗೂ ಇಲ್ಲ, ಮೇಲೂ ಇಲ್ಲ. ನಂಗೆ ಮೇಲಿನವಾದ್ರೂ ಇದಾವೆ."

ಹರೆಯದಲ್ಲಿ ಬಲೆ ಹಿಡಿದು ನೈವಾಶಾಕ್ಕೆ ಬಂದರು. ಸರೋವರ ಒಂದು ಕಾಲದಲ್ಲಿ ಬತ್ತಿ ದೋಣಿಗಳನ್ನು ಕೆಸರಲ್ಲಿ ಕೂರಿಸಿತು. ಇನ್ನೊಂದು ಕಾಲದಲ್ಲಿ ಉಕ್ಕಿ ದಡದ ಮರಗಳನ್ನೂ ಅವರ ಗುಡಿಸಲನ್ನೂ ನುಂಗಿತು. ನಡುನಡುವೆ ಮೀನು ಹಿಡಿಯಬಾರದೆಂಬ ತಡೆ. ಹಿಡಿಯಲಾಗದ ಮೇಲೆ ತೋರಿಸುವುದೇ ವಾಸಿ ಎಂದು ಯಾರದೋ ದೋಣಿಗೆ ಚುಕ್ಕಾಣಿ ಹಿಡಿದರು. ಇವತ್ತಿಗೂ ದೋಣಿ ಯಾರದೋ, ಎಂಜಿನ್ ಇನ್ಯಾರದೋ. ಸ್ವಂತದ್ದು ಎಂದರೆ ಮೀನಿನ ಬುಟ್ಟಿ ಮತ್ತು ಶಿಳ್ಳೆ.

ಆ ಶಿಳ್ಳೆ ಆರು ಹಲ್ಲಿಲ್ಲದ ಸಂದಿಯಿಂದ ಬರುವಂಥದು. ದಪ್ಪಗೆ ಶುರುವಾಗಿ, ಸಣ್ಣಗಾಗುತ್ತ ಹೋಗಿ, ಕೊನೆಯಲ್ಲಿ ಚೂರು ಮೇಲಕ್ಕೆ ಬಾಗುತ್ತದೆ. ದಡದ ಉಳಿದ ದೋಣಿಯವರೂ ಹದ್ದಿಗೆ ಶಿಳ್ಳೆ ಹಾಕುತ್ತಾರೆ. ಆದರೆ ಅವರ ಬಾಯಲ್ಲಿ ಹಲ್ಲು ಜಾಸ್ತಿ. ವ್ಯಾನಿನ ಚಾಲಕರು ದೋಣಿ ಗೊತ್ತುಮಾಡುವಾಗ "ಶಿಳ್ಳೆ ಮ್ಜೀ ಇದಾರಾ?" ಎಂದೇ ಕೇಳುತ್ತಾರೆ. ಮ್ಜೀ ಎಂದರೆ ಇಲ್ಲಿ ಹಿರೀಕ. ದಡದಲ್ಲಿ ಅವರ ಹೆಸರು ಹಿಡಿದು ಕರೆಯುವವನು ಶಿಕುಕು ಒಬ್ಬನೇ. ಹದ್ದು ತನ್ನ ಶಿಳ್ಳೆಗೇ ಬರುತ್ತದೆ ಎಂದು ಒಂಡಿಯೆಕ್ ಸಾವಿರ ಸಲ ಹೇಳಿದ್ದಾರೆ. ಹೇಳಿ ಹೇಳಿ ಅದನ್ನು ಮೊದಲು ನಂಬಿದವರೂ ಅವರೇ.

ಹಾಗಿದ್ದ ಮೇಲೆ ಈ ಹಲ್ಲು ಕಟ್ಟಿಸಿಕೊಳ್ಳುವ ಉಸಾಬರಿ ಏಕೆ? ಒಂದು ಫೋಟೊದಿಂದಾಗಿ. ಗಿಚೂಹಿ ತನ್ನ ಅತ್ತೆಗೆ, ಅಂದರೆ ತಂದೆಯ ಅಕ್ಕನಿಗೆ, ಫೋನಿನಲ್ಲಿ ಭಾವಿ ಮಾವನ ಮುಖ ತೋರಿಸಿದ್ದಾನೆ. ಒಂಡಿಯೆಕ್ ಅದರಲ್ಲಿ ಬಾಯ್ತುಂಬ ನಗುತ್ತಿದ್ದರು. ಗಿಚೂಹಿಯ ಕಡೆಯವರು ಕಿಕುಯು ಜನ; ಅವರಲ್ಲಿ ಹಲ್ಲು ಕೀಳುವ ಪದ್ಧತಿಯಿಲ್ಲ. ಅತ್ತೆ ಫೋನನ್ನು ಹತ್ತಿರ ಹಿಡಿದು ನೋಡಿ, "ಅಯ್ಯೋ ಪಾಪ, ಯಾರು ಹೊಡೆದದ್ದು?" ಎಂದು ಕೇಳಿದರಂತೆ. ಗಿಚೂಹಿ ನಗುತ್ತ ಅದನ್ನು ಅವಿನೊಳಿಗೆ ಹೇಳಿದ. ಅವಿನೊಳಿಗೆ ನಗು ಬರಲಿಲ್ಲ. ಮಾರನೆಯ ವಾರವೇ ಅಪ್ಪನನ್ನು ಪೇಟೆಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂರಿಸಿದಳು.

"ಅಪ್ಪನ ಬಾಯಿ ನಂಗೆ ಚಂದಾನೇ," ಎನ್ನುತ್ತಾಳೆ ಆಕೆ. "ಆದ್ರೆ ಶನಿವಾರ ತೆಗೆಯೋ ಫೋಟೊ ಅವರ ಮನೆ ಗೋಡೆ ಮೇಲೆ ತೂಗುಹಾಕ್ತಾರೆ. ದಿನಾ ಒಬ್ಬೊಬ್ಬರು ಬಂದು ಯಾರು ಹೊಡೆದದ್ದು ಅಂತ ಕೇಳಿದ್ರೆ, ನಾನು ಅಲ್ಲಿ ಸಂಸಾರ ಮಾಡಲೋ, ಉತ್ತರ ಹೇಳ್ತಾ ಕೂರಲೋ?"

ಮಗಳ ಮಾತಿಗೆ ಒಂಡಿಯೆಕ್ ಎದುರಾಡಲಿಲ್ಲ. ಹಲ್ಲು ಹಾಕಿಸಿಕೊಂಡರು. ಶಿಳ್ಳೆಯ ಯೋಚನೆ ಅವರಿಗೂ ಬರಲಿಲ್ಲ, ಅವಳಿಗೂ ಬರಲಿಲ್ಲ.

ಊಟದ ಹೊತ್ತು ದಾಟಿದ ಮೇಲೆ ವ್ಯಾನು ಬರುತ್ತದೆ. ನೈರೋಬಿಯ ಯಾವುದೋ ವಿಮೆ ಕಚೇರಿಯವರು. ಒಬ್ಬಾತ ಬೂಟು ಕಳಚಿ ಕೈಯಲ್ಲಿ ಹಿಡಿದಿದ್ದಾನೆ. ಮತ್ತೆ ಕಾಲಿಗೆ ಹಾಕುವುದಿಲ್ಲ ಎಂದು ಬೆಟ್ಟದ ಬುಡದಲ್ಲೇ ಶಪಥ ಮಾಡಿದ್ದಾನಂತೆ. ಎಂದೂ ಬೆಟ್ಟದಿಂದ ನೇರ ಮನೆಗೆ ಹೋಗುವ ಅವಿನೊ ಇವತ್ತು ಅವರ ಜೊತೆ ಇಳಿಯುತ್ತಾಳೆ. ಗಿಚೂಹಿ ಮಾವನ ಬಾಯನ್ನೇ ನೋಡುತ್ತ ಬರುತ್ತಾನೆ.

"ಮ್ಜೀ, ಭಾರಿ ಕಾಣ್ತಿದೀರಿ. ಹೀಗೇ ಬಂದ್ರೆ ನಮ್ಮತ್ತೆ ನಿಮ್ಮನ್ನೇ ಮದುವೆಗೆ ಕೇಳ್ತಾರೆ."

"ನಿಮ್ಮತ್ತೆ ಮೀನು ತಿಂತಾರಾ?"

"ಮೀನು ಕಂಡ್ರೆ ಮಾರು ದೂರ."

"ಹಾಗಾದ್ರೆ ಬಿಡು, ಹೊಂದಿಕೆ ಆಗಲ್ಲ."

ಎಲ್ಲರೂ ಲೈಫ್ ಜಾಕೆಟ್ ಬಿಗಿದುಕೊಂಡು ಹತ್ತುತ್ತಾರೆ. ದೋಣಿ ನೀರಲ್ಲಿ ಸತ್ತು ನಿಂತ ಮರಗಳ ನಡುವೆ ಸಾಗುತ್ತದೆ. ಕೊಂಬೆಕೊಂಬೆಗೂ ನೀರುಕಾಗೆಗಳು ರೆಕ್ಕೆ ಹರವಿ ಬಟ್ಟೆ ಒಣಹಾಕಿದಂತೆ ಕೂತಿವೆ. ಜೊಂಡಿನ ತಿರುವು ಬಂದಾಗ ಒಂಡಿಯೆಕ್ ಎಂಜಿನ್ ತಗ್ಗಿಸಿ ದೋಣಿಯ ಅಂಚಿಗೆ ಹುಟ್ಟಿನಿಂದ ಟಕಟಕ ಬಡಿಯುತ್ತಾರೆ. ಒಳಗೆ ನೀರಾನೆಗಳಿದ್ದರೆ ತಿಳಿಯಲಿ ಎಂದು. ಹಿಂದೊಮ್ಮೆ ಬಡಿಯದೆ ನುಗ್ಗಿದ್ದಕ್ಕೆ ಒಂದು ಹೆಣ್ಣು ನೀರಾನೆ ದೋಣಿಯ ಮಗ್ಗುಲನ್ನು ರೊಟ್ಟಿ ಮುರಿದಂತೆ ಮುರಿದಿತ್ತು; ಶಿಕುಕು ಬಂದು ಎಲ್ಲರನ್ನೂ ಎತ್ತಿಕೊಂಡ. "ಬಾಗಿಲು ತಟ್ಟದೆ ಯಾರ ಮನೆಗಾದ್ರೂ ಹೋಗ್ತೀವಾ? ಅವತ್ತು ನಾನು ಹೋಗಿದ್ದೆ," ಎಂದಷ್ಟೇ ಹೇಳುತ್ತಾರೆ. ಇವತ್ತು ನೀರಾನೆಗಳು ಕಣ್ಣು, ಕಿವಿ ಮಾತ್ರ ಮೇಲಿಟ್ಟು ಇವರನ್ನು ನೋಡುತ್ತವೆ. ವಿಮೆ ಕಚೇರಿಯವರು ಪಿಸುಮಾತಿಗಿಳಿಯುತ್ತಾರೆ.

ಕೊನೆಗೆ ಹದ್ದಿನ ಮರ. ಬಿಳಿ ತಲೆ, ಕಂದು ಹೊಟ್ಟೆ, ತುತ್ತತುದಿಯ ಕೊಂಬೆಯಲ್ಲಿ ಎಂದಿನ ಜಾಗದಲ್ಲೇ ಕೂತಿದೆ.

"ಇದೇ ಶಿಳ್ಳೆ ತಾತ ಅಲ್ವಾ?" ಎಂದು ಒಬ್ಬ ಹೆಂಗಸು ಅವಿನೊಳನ್ನು ಕೇಳಿ ಫೋನು ಎತ್ತಿ ಹಿಡಿಯುತ್ತಾಳೆ. ಉಳಿದವರೂ ಎತ್ತುತ್ತಾರೆ. ಒಂಡಿಯೆಕ್ ಕೈಯಲ್ಲಿ ಮೀನು ಹಿಡಿದು ಎದ್ದು ನಿಂತು, ತುಟಿ ಕೂಡಿಸಿ ಊದುತ್ತಾರೆ.

ಫುಸ್.

"ಶುರುವಾಯ್ತಾ?" ಎನ್ನುತ್ತಾಳೆ ಆ ಹೆಂಗಸು.

ಮತ್ತೆ ಊದುತ್ತಾರೆ. ಮತ್ತೆ ಗಾಳಿ. ಮಗಳ ಕಡೆ ತಿರುಗುತ್ತಾರೆ. ಅವಳು ನೀರು ನೋಡುತ್ತಿದ್ದಾಳೆ. ಇನ್ನು ಕಾಯಿಸುವ ಹಾಗಿಲ್ಲ. ಹದ್ದು ಬರುವುದಿಲ್ಲ ಎಂದು ಮನಸ್ಸು ಗಟ್ಟಿಮಾಡಿಕೊಂಡೇ ಮೀನನ್ನು ಬೀಸಿ ಎಸೆಯುತ್ತಾರೆ.

ಮೀನು ನೀರಿಗೆ ಬಿದ್ದು ಬೆಳ್ಳಗೆ ಹೊರಳುತ್ತದೆ. ಹದ್ದು ಕತ್ತು ಬಾಗಿಸಿ ಒಮ್ಮೆ ನೋಡಿ, ಕೊಂಬೆ ಬಿಟ್ಟು, ನೀರಿನುದ್ದಕ್ಕೂ ತಗ್ಗಿ ಬಂದು, ಕಾಲು ಚಾಚಿ ಮೀನೆತ್ತಿಕೊಂಡು ಹೋಗುತ್ತದೆ. ರೆಕ್ಕೆಯ ಗಾಳಿ ಎಲ್ಲರ ಮುಖಕ್ಕೂ ತಾಗುತ್ತದೆ. ದೋಣಿಯಲ್ಲಿ ಚಪ್ಪಾಳೆ, ಕೇಕೆ. ಬೂಟು ಹಿಡಿದಿದ್ದವನು ಬೂಟನ್ನೇ ಮೇಲೆತ್ತಿ ಕುಣಿಯುತ್ತಾನೆ.

"ವಿಡಿಯೊದಲ್ಲಿ ಶಿಳ್ಳೆ ಬಂದೇ ಇಲ್ಲವಲ್ಲ," ಎಂದು ಹೆಂಗಸು ಫೋನು ಕಿವಿಗಿಟ್ಟುಕೊಳ್ಳುತ್ತಾಳೆ.

"ಗಾಳಿ ಜಾಸ್ತಿ ಇತ್ತು ಮೇಡಂ," ಎನ್ನುತ್ತಾನೆ ಗಿಚೂಹಿ.

ಗಾಳಿ ಇರಲಿಲ್ಲ. ದೋಣಿಯಲ್ಲಿ ಖುಷಿಯಿಲ್ಲದವರು ಒಬ್ಬರೇ. ಅವರು ಚುಕ್ಕಾಣಿಯ ಹತ್ತಿರ ಕೂತು ಎಂಜಿನ್ನಿನ ಹಗ್ಗ ಎಳೆಯುತ್ತಿದ್ದಾರೆ. ಇಷ್ಟು ವರ್ಷ ಹದ್ದು ಬಂದದ್ದು ಶಿಳ್ಳೆಗೋ ಮೀನಿಗೋ ಎಂಬುದು ಅವರಿಗೆ ಈಗಷ್ಟೇ ತಿಳಿದಿದೆ.

ಪ್ರವಾಸಿಗಳು ದಡದ ಅಂಗಡಿಯಲ್ಲಿ ಚಹಾಕ್ಕೆ ಕೂತಾಗ ಅಪ್ಪ ಮಗಳು ಮಗುಚಿದ ದೋಣಿಯ ಮೇಲೆ ಬಂದು ಕೂರುತ್ತಾರೆ.

"ಶಿಳ್ಳೆ ಬೇಕಾಗೇ ಇರಲಿಲ್ಲ," ಎನ್ನುತ್ತಾರೆ ಒಂಡಿಯೆಕ್.

ಅವಿನೊ ಬೂಟಿನ ದಾರ ಬಿಚ್ಚುತ್ತಾಳೆ.

"ನಿಂಗೆ ಗೊತ್ತಿತ್ತಾ?"

"ಹೂಂ."

"ಯಾವಾಗಿಂದ?"

"ಚಿಕ್ಕೋಳಿದ್ದಾಗಿಂದ. ನೀನು ಊಟ ಮಾಡಿ ಮಲಗಿದ್ದೆ. ನಿನ್ನ ಬುಟ್ಟಿಯಿಂದ ಮೀನು ಕದ್ದು ಎಸೆದೆ. ಬಂತು."

"ಹೇಳಬಾರದಿತ್ತಾ?"

"ಹೇಳಿದ್ರೆ ಮೀನು ಕದ್ದಿದ್ದಕ್ಕೆ ಹೊಡೀತಿದ್ದೆ."

ಒಂಡಿಯೆಕ್ ನಗುವುದಿಲ್ಲ. ಅವಳು ಬೂಟಿನ ಧೂಳು ಕೊಡವುತ್ತ ಹೇಳುತ್ತಾಳೆ: "ಅಪ್ಪ, ಬೆಟ್ಟದ ಮೇಲೆ ಅರ್ಧ ಸುತ್ತು ಆಗೋ ಹೊತ್ತಿಗೆ ಒಬ್ಬರಾದ್ರೂ ಕೂತುಬಿಡ್ತಾರೆ. ನನ್ ಕೈಲಾಗಲ್ಲ, ಇಲ್ಲೇ ಬಿಟ್ಟು ಹೋಗಿ ಅಂತಾರೆ. ಇವತ್ತು ಆ ಬೂಟಿನೋನು ಕೂತಿದ್ದ. ಅಂಥೋರಿಗೆ ನಾನು ಹದ್ದಿನ ಕಥೆ ಹೇಳಲ್ಲ. ಹದ್ದು ಎಲ್ಲ ಕಡೆ ಇದೆ. ಕೆಳಗೆ ನಮ್ಮಪ್ಪ ಇದಾನೆ, ಆರು ಹಲ್ಲಿನ ಸಂದಿಯಿಂದ ಶಿಳ್ಳೆ ಹಾಕ್ತಾನೆ, ಕೇಳಬೇಕು ಅಂದ್ರೆ ಏಳಿ ಅಂತೀನಿ. ಎದ್ದು ನಡೀತಾರೆ. ಇಷ್ಟು ವರ್ಷದಲ್ಲಿ ಒಬ್ಬರನ್ನೂ ಹೊತ್ತುಕೊಂಡು ಇಳಿಸಿಲ್ಲ."

ಒಂಡಿಯೆಕ್ ಬೆಟ್ಟದ ಕಡೆ ನೋಡುತ್ತಾರೆ. ಆಮೇಲೆ ಬಾಯಿಗೆ ಬೆರಳು ಹಾಕಿ, ಆರು ಹಲ್ಲುಗಳ ಸೆಟ್ಟನ್ನು ಕಿತ್ತು, ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ತುಟಿ ಕೂಡಿಸಿ ಊದುತ್ತಾರೆ. ದಪ್ಪಗೆ ಶುರುವಾಗಿ, ಸಣ್ಣಗಾಗುತ್ತ ಹೋಗಿ, ಕೊನೆಯಲ್ಲಿ ಚೂರು ಮೇಲಕ್ಕೆ ಬಾಗುತ್ತದೆ. ನೀರಿನ ಮೇಲೆ ಮೀನಿಲ್ಲ, ಹದ್ದು ಬರುವುದಿಲ್ಲ. ಆದರೆ ಅಂಗಡಿಯಲ್ಲಿ ಕೂತಿದ್ದ ವಿಮೆ ಕಚೇರಿಯವರೆಲ್ಲ ಒಟ್ಟಿಗೆ ತಿರುಗುತ್ತಾರೆ. ಬೂಟಿನವನು ಬರಿಗಾಲಲ್ಲೇ ಎದ್ದು ನಿಲ್ಲುತ್ತಾನೆ. ದೂರದ ದೋಣಿಯಿಂದ ಶಿಕುಕು ಕೂಗುತ್ತಾನೆ: "ಬಂದ್ಯಾ ವಾಪಸ್ಸು?"

"ಶನಿವಾರ ಏನು ಮಾಡ್ತೀಯ?" ಅವಿನೊ ಕೇಳುತ್ತಾಳೆ. "ಗೋಡೆ ಮೇಲಿನ ಫೋಟೊ ಅಪ್ಪ."

ಒಂಡಿಯೆಕ್ ಅವರಿಗೆ ದೊಡ್ಡ ಆಸೆಗಳೇನೂ ಇಲ್ಲ. ದೋಣಿ ತನ್ನದಾಗಬೇಕು ಎಂದು ಕೂಡ ಈಗ ಅನ್ನಿಸುವುದಿಲ್ಲವಂತೆ. ಬೀಗರ ಮನೆಯ ಗೋಡೆಯ ಮೇಲೆ ಯಾರೂ ಪಾಪ ಎನ್ನದಂಥ ಒಂದು ಮುಖ ಇರಬೇಕು, ಅಷ್ಟೇ. ಅದಕ್ಕೂ ಉಪಾಯ ಹೊಳೆದಿದೆ.

"ಫೋಟೊದೋನು ನಗಿ ಅಂತಾನಲ್ಲ, ಆಗ ನಾನು ಶಿಳ್ಳೆ ಹಾಕ್ತೀನಿ. ತುಟಿ ಕೂಡಿರುತ್ತೆ. ಹಿಂದೆ ಹಲ್ಲಿದೆಯೋ ಇಲ್ಲವೋ, ಗಿಚೂಹಿಯ ಅತ್ತೆಗೇನು ಗೊತ್ತಾಗುತ್ತೆ?"

"ಹದ್ದು ಬಂದುಬಿಟ್ರೆ?"

"ಮೀನು ಬಡಿಸಿದ್ರೆ ತಾನೆ ಬರೋದು," ಎನ್ನುತ್ತಾರೆ ಒಂಡಿಯೆಕ್. "ಬರ್ತಿರೋರು ಮೀನು ತಿನ್ನದ ಬೀಗರು, ಅಡಿಗೇಲಿ ಮೀನೇ ಇರಲ್ಲ. ಅವತ್ತು ನನ್ನ ಶಿಳ್ಳೆ ಕೇಳೋಕೆ ಅಂತಲೇ ಯಾರು ಬರ್ತಾರೋ ನೋಡೇಬಿಡೋಣ."