ಮಂತ್ರಿಯ ಮಾತು, ದುಭಾಷಿಯ ಬಾಯಿ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಗಿಣಿ ಮೇಡಂ ಎನ್ನುತ್ತಿದ್ದರು. ವಿದೇಶಾಂಗ ಇಲಾಖೆಯ ದುಭಾಷಿ. ಇನ್ನೊಬ್ಬರು ಹೇಳಿದ್ದನ್ನು ಹೇಳುವುದೇ ಅವಳ ಹೊಟ್ಟೆಪಾಡು. ಆ ಕಸುಬಿಗೊಂದು ಕಟ್ಟುಪಾಡಿದೆ. ಮಂತ್ರಿ ‘ನಾನು’ ಎಂದರೆ ದುಭಾಷಿಯೂ ‘ನಾನು’ ಎನ್ನಬೇಕು, ‘ಮಂತ್ರಿಗಳು ಹೀಗೆ ಹೇಳುತ್ತಿದ್ದಾರೆ’ ಎಂದು ರಾಗ ಎಳೆಯುವಂತಿಲ್ಲ. ಹಾಗಾಗಿ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಅತ್ತೆ ಅಡುಗೆಮನೆಯಿಂದ ಕೇಳುತ್ತಿದ್ದರು: “ಇವತ್ತು ಯಾರಾಗಿದ್ದೆ?” ಒಂದು ದಿನ ರಾಯಭಾರಿ, ಒಂದು ದಿನ ಸಿಮೆಂಟ್ ವ್ಯಾಪಾರಿ. ಅತ್ತೆಗೆ ಸೊಸೆಯ ಈ ವೇಷಗಳೆಂದರೆ ಬಲು ಇಷ್ಟ.

ಅವಳು ಬಲ್ಲ ಭಾಷೆಗಳಲ್ಲಿ ಒಂದು ಗಡಿಯಾಚೆಯ ದೇಶದ್ದು. ಆ ದೇಶದ ಜೊತೆ ಯಾರಿಗೂ ಹೊಕ್ಕುಬಳಕೆಯಿಲ್ಲ. ಅಲ್ಲಿ ಊಟಕ್ಕೆ ತತ್ವಾರ, ಆದರೆ ಅಣುಬಾಂಬ್ ಇದೆ. ಎರಡು ದೇಶಗಳ ನಡುವೆ ಇರುವುದು ಒಂದೇ ಫೋನ್. ಅಪ್ಪಿತಪ್ಪಿ ಒಂದು ಕ್ಷಿಪಣಿ ಈ ಕಡೆಯೋ ಆ ಕಡೆಯೋ ಹಾರಿದರೆ ‘ಇದು ಯುದ್ಧವಲ್ಲ’ ಎಂದು ಹೇಳಲು ಬೇರೆ ದಾರಿಯಿಲ್ಲ. ಆ ಫೋನನ್ನು ಈಗ ಅತ್ತ ಕಡೆ ಯಾರೂ ಎತ್ತುತ್ತಿರಲಿಲ್ಲ.

ಅದಕ್ಕೆ ಕಾರಣ ನಮ್ಮ ಮಂತ್ರಿಯ ನಾಲಿಗೆ. ಮಾತುಕತೆಯ ಮೇಜಿನಲ್ಲಿ, ಎದುರು ಕೂತಿದ್ದ ಮುದಿ ಜನರಲ್‌ನ ಮುಖಕ್ಕೇ “ಬಾಂಬ್ ತೋರಿಸಿ ಭಿಕ್ಷೆ ಬೇಡೋರು ನೀವು” ಎಂದುಬಿಟ್ಟರು. ಗಿಣಿ ಮೇಡಂ ಒಂದಕ್ಷರ ಬಿಡದೆ ಹೇಳಿದಳು. ಜನರಲ್ ಕನ್ನಡಕ ತೆಗೆದು ಡಬ್ಬಿಗೆ ಹಾಕಿ, ಎದ್ದು ನಡೆದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಮಂತ್ರಿಗೆ ಚಿಕ್ಕಂದಿನಲ್ಲಿ ಯಾರೂ ಕಲಿಸಿರಲಿಲ್ಲವೆಂದು ಕಾಣುತ್ತದೆ.

ಇಲಾಖೆಯ ಕಾರ್ಯದರ್ಶಿ ಅವಳನ್ನು ಕರೆಸಿ ಕಾಫಿ ತರಿಸಿದರು. ಅವರು ಕಾಫಿ ತರಿಸಿದರೆಂದರೆ ಏನೋ ಕಾದಿದೆ ಎಂದೇ ಅರ್ಥ.

“ನೋಡಿಮ್ಮ, ಪತ್ರಕರ್ತರ ಮುಂದೆ ‘ಅನುವಾದದಲ್ಲಿ ಎಡವಟ್ಟಾಯ್ತು, ತಪ್ಪು ನನ್ನದು’ ಅಂದ್ಬಿಡಿ. ಆ ಕಡೆಯವರಿಗೂ ವಾಪಸ್ ಬರೋಕೆ ಒಂದು ನೆಪ ಬೇಕು. ಎರಡು ದೇಶದ ಮಾನ ಉಳಿಯುತ್ತೆ.”

“ನನ್ನ ಮಾನ ಯಾವ ದೇಶದ್ದು ಸಾರ್?”

ಕಾರ್ಯದರ್ಶಿ ನಕ್ಕರು. ಅವಳು ನಗಲಿಲ್ಲ.

“ಅವರ ದುಭಾಷಿಗೆ ನಮ್ಮ ಭಾಷೆ ಬರುತ್ತೆ ಸಾರ್. ಮಂತ್ರಿಗಳು ಅಂದಿದ್ದನ್ನ ಅವನೂ ಕೇಳಿದಾನೆ. ಬೈದಿದ್ದನ್ನ ಇವತ್ತಲ್ಲ ನಾಳೆ ಮರೀತಾರೆ. ಕಿವಿ ಮೇಲೆ ಹೂ ಇಡೋಕೆ ಹೋದ್ರೆ ಮರೆಯಲ್ಲ. ಯಾರೂ ತಮ್ಮನ್ನ ಲೆಕ್ಕಕ್ಕೆ ತಗೊಳ್ಳಲ್ಲ ಅನ್ನೋ ಉರಿಗೇ ಅಲ್ವಾ ಅವರು ಹೊಟ್ಟೆ ಕಟ್ಟಿ ಬಾಂಬ್ ಮಾಡಿದ್ದು? ಆ ಕೋಣೇಲಿ ಅವರು ನಂಬಿದ್ದು ಒಂದನ್ನೇ, ನಮ್ಮ ಮಾತು ಬಣ್ಣ ಬಳೀದೆ ಅವರ ಕಿವಿಗೆ ಬರುತ್ತೆ ಅನ್ನೋದನ್ನ. ಅದನ್ನೂ ಕಳ್ಕೊಂಡು ಏನು ಮಾತಾಡ್ತೀರಿ?”

“ಒಂದು ಸಣ್ಣ ಸುಳ್ಳಿಗೆ ಇಷ್ಟು ಹಟಾನಾ?”

“ಹಟಾನೇ ಸಾರ್. ನಾನು ಹೇಳಲ್ಲ.”

ಕಾಫಿ ಮುಟ್ಟದೆ ಎದ್ದು ಬಂದಳು.

ಅವಳು ಹೇಳದಿದ್ದರೇನು, ಇಲಾಖೆಯೇ ಹೇಳಿತು. ‘ದುಭಾಷಿಯ ಪ್ರಮಾದ’ ಎಂದು ಟೀವಿಯಲ್ಲಿ ಬಂತು. ಅವಳನ್ನು ನೆಲಮಹಡಿಯ ವೀಸಾ ಕೌಂಟರಿಗೆ ಹಾಕಿದರು. ಕ್ಯಾಂಟೀನಿನಲ್ಲಿ ಜೊತೆಗೆ ಕೂರುತ್ತಿದ್ದವರು ತಟ್ಟೆ ಹಿಡಿದು ಬೇರೆ ಮೇಜು ಹುಡುಕಿಕೊಂಡರು. ಗಂಡನೂ “ಒಂದ್ಸಲ ಒಪ್ಕೊಂಡಿದ್ರೆ ಮುಗೀತಿತ್ತಲ್ಲೇ” ಎಂದ.

ಅತ್ತೆ ಮಗನನ್ನು ದುರುಗುಟ್ಟಿ ನೋಡಿದರು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಆ ಎಮ್ಮೆ ಸುಮ್ನೆ ನಿಂತ್ಕೋಬೇಕೇನೋ?”

ಅವಳಿಗೆ ಅವಮಾನದಿಂದ ಮೈ ಉರಿಯುತ್ತಿತ್ತು. ಹೆದರಿಕೆಯೂ ಇತ್ತು. ಫೋನ್ ಎತ್ತದ ಈ ದಿನಗಳಲ್ಲೇ ಏನಾದರೂ ಆಗಿಬಿಟ್ಟರೆ, ತನ್ನ ಹಟ ಎಷ್ಟು ಮನೆ ಸುಟ್ಟೀತು ಎಂದು ರಾತ್ರಿ ಮಗ್ಗುಲು ಬದಲಿಸುತ್ತಿದ್ದಳು. ಬೆಳಗಾದರೆ ಮತ್ತೆ ತಲೆಯೆತ್ತಿಕೊಂಡೇ ಕೌಂಟರಿಗೆ ಹೋಗುತ್ತಿದ್ದಳು. ಸಂಜೆ ಅತ್ತೆ ಕೇಳಿದರೆ “ಯಾರೂ ಆಗಲಿಲ್ಲ ಅತ್ತೆ” ಎನ್ನುತ್ತಿದ್ದಳು.

ಕೊನೆಗೆ ಮೂರನೆಯ ದೇಶವೊಂದರ ರಾಯಭಾರಿಯ ಮೂಲಕ ಜನರಲ್‌ನ ಮಾತು ಬಂತು: ಆ ಹೆಂಗಸು ತಪ್ಪು ಮಾಡಿಲ್ಲವೆಂದು ನಮಗೆ ಗೊತ್ತು. ಸುಳ್ಳು ಹೇಳಿದವರು ನೀವು. ಅವಳು ಕೂರುವುದಾದರೆ ಬರುತ್ತೇವೆ.

ಈ ಸಲ ಕಾರ್ಯದರ್ಶಿಯೇ ಕಾಫಿ ಹಿಡಿದು ಕೆಳಗಿಳಿದು ಬಂದರು.

“ಬರ್ತೀನಿ,” ಎಂದಳು ಗಿಣಿ ಮೇಡಂ. “ಆದ್ರೆ ಆ ಮಾತು ತಮ್ಮದು ಅಂತ ಮಂತ್ರಿಗಳು ಒಪ್ಕೋಬೇಕು. ಅದೇ ಮೇಜಲ್ಲಿ, ಅವರ ಬಾಯಿಂದಾನೇ.”

“ಮಂತ್ರಿಗಳಿಗೆ ಷರತ್ತು ಹಾಕ್ತೀರಾ?”

“ಹಾಕ್ತಿದೀನಿ ಸಾರ್. ಸ್ವಲ್ಪ ಪಕ್ಕಕ್ಕೆ ಬನ್ನಿ, ಹಿಂದೆ ಜನ ಕಾಯ್ತಿದಾರೆ.”

ಸತ್ತ ಫೋನಿನ ಮುಂದೆ ಮಂತ್ರಿಯ ಬಿಂಕ ಎಷ್ಟು ದಿನ ನಿಂತೀತು? ಮತ್ತೆ ಮೇಜು ಹಾಕಿದರು. ಮಂತ್ರಿ ನೀರು ಕುಡಿದರು, ಸೂರು ನೋಡಿದರು, ಕೊನೆಗೆ ಗೊಣಗಿದರು: “ಅವತ್ತು ಆಡಿದ ಮಾತು ನಂದೇ. ತಪ್ಪು ನನ್ನದು.”

ಗಿಣಿ ಮೇಡಂ ಜನರಲ್‌ನ ಕಡೆ ತಿರುಗಿ ಅದನ್ನೇ ಅವನ ಭಾಷೆಯಲ್ಲಿ ಹೇಳಿದಳು. ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ. ಗೊಣಗಲು ಮಾತ್ರ ಹೋಗಲಿಲ್ಲ. ಕೋಣೆಗೆಲ್ಲ ಕೇಳುವಂತೆ ಹೇಳಿದಳು. ಜನರಲ್ ಡಬ್ಬಿ ತೆರೆದು ಕನ್ನಡಕ ಹಾಕಿಕೊಂಡ.

ಸಂಜೆ ಅಡುಗೆಮನೆಯಿಂದ ಅದೇ ಪ್ರಶ್ನೆ ಬಂತು. “ಇವತ್ತು ಯಾರಾಗಿದ್ದೆ?”

“ಮಂತ್ರಿ ಆಗಿದ್ದೆ ಅತ್ತೆ,” ಎಂದಳು ಚಪ್ಪಲಿ ಬಿಡುತ್ತಾ. “ತಪ್ಪೊಪ್ಕೊಂಡು ಬಂದೆ.”