ಕದಿರಮ್ಮನ ಹುಳುಮನೆ

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುತ್ತಾರಲ್ಲ, ಕೆಂಚಾರ್ಲಹಳ್ಳಿಯ ಮನೆಯಂಗಳದಲ್ಲಿ ಕೂತವರ ಮಾತು ಕೇಳಿ ತನುಜಳಿಗೆ ಅದೇ ನೆನಪಾಯಿತು. ಅಜ್ಜಿ ಕದಿರಮ್ಮ ತೀರಿಕೊಂಡು ಮೂರು ದಿನವಾಗಿತ್ತು. ಬಂದವರೆಲ್ಲ ಎಂಥಾ ದುಡಿಮೆ, ಎಂಥಾ ದುಡಿಮೆ ಎಂದು ಹೊಗಳುವವರೇ. ಆ ದುಡಿಮೆಗೆ ಒಂದು ದಿನವಾದರೂ ಕೈ ಜೋಡಿಸಿದವರು ಅವರಲ್ಲಿ ಒಬ್ಬರೂ ಇರಲಿಲ್ಲ. ತಾನೂ ಅದೇ ಸಾಲಿನವಳು ಎಂಬುದೇ ತನುಜಳ ಸಂಕಟ.

ಕೈವಾರದ ಕಡೆಯಿಂದ ಹದಿನಾರಕ್ಕೆ ಸೊಸೆಯಾಗಿ ಬಂದ ಕದಿರಮ್ಮ ಐವತ್ತೈದು ವರ್ಷ ರೇಷ್ಮೆಹುಳುವಿನ ಹಿಂದೆಯೇ ಓಡಿದಳು. ಕೋಳಿ ಕೂಗುವ ಮೊದಲೇ ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ತರುವಳು. ಮಗಳ ಮದುವೆಯ ದಿನ ಹುಳುಗಳು ಪೊರೆ ಬಿಡುವ ಕೊನೆಯ ಜ್ವರದಿಂದೆದ್ದು ಹಸಿದಿದ್ದವು. ಚಿಂತಾಮಣಿಯ ಛತ್ರದಲ್ಲಿ ಧಾರೆ ಮುಗಿದದ್ದೇ ತಡ, ಊಟಕ್ಕೂ ಕೂರದೆ ಬಸ್ಸು ಹತ್ತಿದ್ದಳು. ಬೇರೆ ಯಾರಾದರೂ ಹುಳು ಸಾಕುವ ತಟ್ಟೆ ಮುಟ್ಟಿದರೆ ಗದರುವಳು. ಕಲಿಸಿಕೊಡು ಎಂದು ತನುಜ ಎಷ್ಟು ಸಲ ಗೋಗರೆದಿದ್ದಳೋ.

"ನಿನ್ ಕೈಗೆ ಹುಳ ನಲುಗ್ತಾವೆ. ನೀನು ಓದ್ಕೊ ಹೋಗಮ್ಮ" ಎಂಬುದೊಂದೇ ಉತ್ತರ. ಎಲ್ಲವನ್ನೂ ಒಬ್ಬಳೇ ಹೊತ್ತು, ಹೊತ್ತಂತೆಯೇ ಹೊರಟುಹೋದ ಆ ಹಟಮಾರಿಯ ಮೇಲೂ ತನುಜಳಿಗೆ ಸಿಟ್ಟು ಬಂದಿತ್ತು.

ಈಗ ಹುಳುಮನೆಯೊಳಗೆ ಅಜ್ಜಿಯ ಕೊನೆಯ ಬೆಳೆ ಹಣ್ಣಾಗುತ್ತಿತ್ತು. ಸೊಪ್ಪು ತಿನ್ನುವುದು ಬಿಟ್ಟು ನೂಲು ಬಿಡಲು ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಇಲ್ಲವಾದರೆ ಸೊಪ್ಪಿನಲ್ಲೇ ನೂಲು ಸುತ್ತಿಕೊಂಡು ಕೆಡುತ್ತವೆ. ಮೂರು ದಿನ ಸೊಪ್ಪು ಹಾಕಿದ್ದ ಪಕ್ಕದ ಮನೆಯ ಕೊಂಡಮ್ಮನಿಗೆ ಇವತ್ತು ಬಿಡುವಿಲ್ಲ, ಅವಳ ಹುಳುಗಳೂ ಹಣ್ಣಾಗಿವೆ. ಅಪ್ಪ ಬಯ್ಯಪ್ಪ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಿದ್ದ. ಸೂತಕದವರು ಒಳಗೆ ಕಾಲಿಡಬಾರದು, ಇದು ಅಮ್ಮನೇ ಮಾಡಿದ ಕಟ್ಟಳೆ ಎಂಬುದು ಅವನ ವಾದ. ಹೀಗೆ ನಿಂತು ನೋಡುತ್ತಲೇ ಎಲ್ಲವನ್ನೂ ತಿಪ್ಪೆಗೆ ಹಾಕುವುದಾ ಎಂದು ತನುಜ ರೇಗಿದಳು.

ಹೊರಟಿದ್ದ ಕೊಂಡಮ್ಮ ಅಲ್ಲೇ ನಿಂತಳು. "ನಿಮ್ ತಾತ ಹೋದಾಗ್ಲೂ ಹಿಂಗೇ ಹಣ್ಣಾಗಿದ್ವು ಕಣಮ್ಮ. ನಿಮ್ಮಜ್ಜಿ ತಲೆ ಮೇಲೆ ಎರಡು ಚೊಂಬು ನೀರು ಸುರ್ಕೊಂಡು ಒಳಕ್ಕೆ ಹೋದ್ಳು. ಯಾವ ಸೂತಕಾನೂ ನೋಡ್ಲಿಲ್ಲ."

ತನುಜಳೂ ನೀರು ಸುರಿದುಕೊಂಡು ಬಂದು ಅಪ್ಪನನ್ನು ದಾಟಿ ಒಳಗೆ ಹೋದಳು. ಮೈ ತುಂಬಿಕೊಂಡಂತೆ ಕಂಡ ಹುಳುಗಳನ್ನೆಲ್ಲ ಆರಿಸಿ ಚಂದ್ರಿಕೆಗೆ ಬಿಟ್ಟಳು. ಅರ್ಧ ಗಂಟೆಯಲ್ಲಿ ಅವುಗಳಲ್ಲಿ ಮುಕ್ಕಾಲುಪಾಲು ಸೊಪ್ಪು ಹುಡುಕುತ್ತ ಕೆಳಗೆ ಉದುರಿದವು. ಅವಳು ಆರಿಸಿದ್ದರಲ್ಲಿ ಹೆಚ್ಚಿನವು ಇನ್ನೂ ಕಾಯಿ. ಅಳು ಬಂತು.

ಬೆನ್ನ ಹಿಂದೆ ಬಯ್ಯಪ್ಪ ಬಂದು ನಿಂತಿದ್ದ. ಅವನ ತಲೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

"ಹಣ್ಣಾಗಿರೋದು ಯಾವ್ದು ಅಂತ ನಂಗೂ ಗೊತ್ತಿಲ್ಲ ಕಣಮ್ಮ" ಎಂದ. "ಅದಕ್ಕೇ ಸೂತಕ ಅಂದೆ."

ಇದೇ ಹುಳುವಿನ ಅನ್ನ ತಿಂದು ಐವತ್ತು ದಾಟಿದ ಮಗ, ಅದೇ ಅನ್ನದಲ್ಲಿ ಡಿಗ್ರಿ ಮುಗಿಸಿದ ಮೊಮ್ಮಗಳು, ಇಬ್ಬರೂ ತಟ್ಟೆಯ ಮುಂದೆ ಬರಿಗೈಯಲ್ಲಿ ನಿಂತರು. ಕೇಳೋಣವೆಂದರೆ ಕೊಂಡಮ್ಮ ತನ್ನ ಹುಳುಗಳ ನಡುವೆ ಸಿಕ್ಕಿಕೊಂಡಿದ್ದಳು, ಕಲಿಸಬೇಕಿದ್ದವಳೇ ಇರಲಿಲ್ಲ.